ಫೈಲ್ ಕಾಪಿ ಮಾಡಿದ ಫ್ಲಾಪಿಯಿಂದ ಹಳೆ ಕಂಪ್ಯೂಟರ್ ಯಾಕೆ ಬೂಟ್ ಆಗುವುದಿಲ್ಲ?

ಪ್ರಶ್ನೆ: ಸರ್, ಯಾದಗಿರಿ ಹತ್ತಿರ ನಮ್ಮದೊಂದು ಹತ್ತಿ ಜಿನ್ನಿಂಗ್ ಮಿಲ್ ಇದೆ. ವೇ ಬ್ರಿಜ್‌ಗೆ ಹಚ್ಚಿದ ಕಂಪ್ಯೂಟರ್ ಅಪ್ಪಾಜಿ ಕಾಲದ 486. ಡಾಸ್ ಎಂಬ ಹಳೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಓಡುವ ತೂಕದ ಪ್ರೋಗ್ರಾಮ್, ಅದನ್ನು ಮಾಡಿಕೊಟ್ಟವರು ಈಗ ಸಿಗುತ್ತಿಲ್ಲ. ಹೋದ ವಾರ ಆನ್ ಮಾಡಿದಾಗ 'ಸೀಮಾಸ್ ಬ್ಯಾಟರಿ ಸ್ಟೇಟ್ ಲೋ' ಎಂದು ಬಂತು, ಎಫ್1 ಒತ್ತಿದರೆ 'ಸಿ ಡ್ರೈವ್ ಎರರ್'. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ, ಮನೆಯಲ್ಲಿ ಒಡೆಯದೆ ಇದ್ದ ಪ್ಯಾಕೆಟ್‌ನ ಫ್ಲಾಪಿಗೆ ವಿಂಡೋಸ್ 11 ಲ್ಯಾಪ್‌ಟಾಪ್‌ನಿಂದ ಕಮಾಂಡ್ ಡಾಟ್ ಕಾಮ್ ಫೈಲ್ ಕಾಪಿ ಮಾಡಿ ಹಾಕಿದೆ. 'ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್' ಅಂತ ನಿಲ್ಲುತ್ತದೆ. ಬೂಟ್ ಆಗುವ ಫ್ಲಾಪಿ ಮಾಡುವುದು ಹೇಗೆ? ಹನ್ನೆರಡು ವರ್ಷದ ತೂಕದ ಲೆಕ್ಕ ಅದರಲ್ಲಿದೆ.

ಉತ್ತರ: ಮೊದಲು ಒಳ್ಳೆ ಸುದ್ದಿ ಹೇಳುತ್ತೇನೆ. ನೀವು ನೋಡಿದ 'ನಾನ್ ಸಿಸ್ಟಮ್ ಡಿಸ್ಕ್' ಎಂಬ ಸಾಲು ಬಯೋಸ್‌ನದ್ದಲ್ಲ, ಅಂದರೆ ಆನ್ ಮಾಡಿದ ಕೂಡಲೇ ಬೋರ್ಡಿನ ಚಿಪ್‌ನಿಂದ ಓಡುವ ಪ್ರೋಗ್ರಾಮ್‌ನದ್ದಲ್ಲ. ಅದು ನಿಮ್ಮ ಫ್ಲಾಪಿಯಲ್ಲೇ ಬರೆದಿರುವ ಸಾಲು. ಅಂದರೆ ನಿಮ್ಮ 486 ಫ್ಲಾಪಿಯನ್ನು ತಿರುಗಿಸಿದೆ, ಅದರ ಮೊದಲ ಸೆಕ್ಟರ್ ಓದಿದೆ, ಅಲ್ಲಿದ್ದ ಪುಟ್ಟ ಪ್ರೋಗ್ರಾಮ್ ಓಡಿದೆ, ಆ ಪ್ರೋಗ್ರಾಮ್‌ಗೆ ಮುಂದೆ ಬೇಕಾದದ್ದು ಸಿಗದೆ ಈ ಸಾಲು ತೋರಿಸಿ ನಿಂತಿದೆ. ಡ್ರೈವ್ ಸರಿ ಇದೆ, ಕೇಬಲ್ ಸರಿ ಇದೆ, ಬೂಟ್ ಆರ್ಡರ್‌ನಲ್ಲಿ ಫ್ಲಾಪಿಯ ಎ ಡ್ರೈವ್ ಕೂಡ ಇದೆ. ಇಷ್ಟು ವರ್ಷ ಹತ್ತಿ ಧೂಳಿನಲ್ಲಿ ಕೂತ ಮಷೀನಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಕಮ್ಮಿ ಬಿದ್ದದ್ದು ಏನು? ನಾವು ಫ್ಲಾಪಿ ಎಂದರೆ ಫೈಲ್‌ಗಳ ಪೆಟ್ಟಿಗೆ ಅಂತ ತಿಳಿದಿರುತ್ತೇವೆ, ಬಯೋಸ್‌ಗೆ ಫೈಲ್ ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸೆಕ್ಟರ್ ಮಾತ್ರ. 1.44 ಫ್ಲಾಪಿಯಲ್ಲಿ ಎರಡು ಮುಖ, ಒಂದೊಂದು ಮುಖಕ್ಕೆ 80 ಟ್ರ್ಯಾಕ್, ಒಂದೊಂದು ಟ್ರ್ಯಾಕಿಗೆ 18 ಸೆಕ್ಟರ್, ಒಂದು ಸೆಕ್ಟರ್‌ಗೆ 512 ಬೈಟ್. ಒಟ್ಟು 2880 ಸೆಕ್ಟರ್. ಬಯೋಸ್ ಇದರಲ್ಲಿ ಮೊಟ್ಟಮೊದಲ 512 ಬೈಟ್ ಎತ್ತಿಕೊಂಡು ಮೆಮೊರಿಗೆ ಹಾಕಿ 'ಇನ್ನು ನೀನುಂಟು' ಎಂದು ಕೈ ಬಿಡುತ್ತದೆ. ಅದೇ ಬೂಟ್ ಸೆಕ್ಟರ್. ಡಾಸ್ ಹಾಕಿದ ಬೂಟ್ ಸೆಕ್ಟರ್ ಆದರೆ ಅದು ಡೈರೆಕ್ಟರಿಯಲ್ಲಿ ಐಒ ಡಾಟ್ ಸಿಸ್ ಎಂಬ ಫೈಲ್ ಹುಡುಕುತ್ತದೆ, ಅದೂ 6.22 ರಂಥ ಹಳೆ ಡಾಸ್‌ನಲ್ಲಿ ಡೈರೆಕ್ಟರಿಯ ಮೊದಲ ಎರಡು ಜಾಗದಲ್ಲಿ ಐಒ ಡಾಟ್ ಸಿಸ್ ಮತ್ತು ಎಂಎಸ್‌ಡಾಸ್ ಡಾಟ್ ಸಿಸ್ ಇರಲೇಬೇಕು. ಅವೆರಡೂ ಮೆಮೊರಿಗೆ ಬಂದ ಮೇಲೆ, ಕೊನೆಗೆ ನೀವು ಕಾಪಿ ಮಾಡಿದ ಕಮಾಂಡ್ ಡಾಟ್ ಕಾಮ್ ಸರದಿ. ನೀವು ಕೊನೆಯವನನ್ನು ಕರೆತಂದಿದ್ದೀರಿ, ಅವನಿಗೆ ಬಾಗಿಲು ತೆಗೆಯುವವರು ಯಾರೂ ಬಂದಿಲ್ಲ. ಪ್ಯಾಕೆಟ್‌ನಲ್ಲಿ ಫಾರ್ಮ್ಯಾಟ್ ಆಗಿಯೇ ಬಂದ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ ಸಾಮಾನ್ಯವಾಗಿ ಆ ಮೆಸೇಜ್ ತೋರಿಸುವಷ್ಟೇ ಕೋಡ್ ಇರುತ್ತದೆ. ಅದಕ್ಕೇ ಎಷ್ಟು ಫೈಲ್ ಕಾಪಿ ಮಾಡಿದರೂ ಅದು ಏಳುವುದಿಲ್ಲ. ಬೂಟ್ ಸೆಕ್ಟರನ್ನೇ ಬದಲಿಸಬೇಕು.

ಫ್ಲಾಪಿ ಮಾಡುವ ಮೊದಲು ಇನ್ನೊಂದು ಮಾತು, ದಯವಿಟ್ಟು ಇದನ್ನು ಹಾರಿಸಿ ಓದಬೇಡಿ. ನಿಮ್ಮ ನಿಜವಾದ ರೋಗ ಬಹುಶಃ ಹಾರ್ಡ್ ಡಿಸ್ಕ್‌ನದ್ದಲ್ಲ, ಬ್ಯಾಟರಿಯದ್ದು. ಆ ಕಾಲದ ಮಷೀನಿಗೆ ತನ್ನೊಳಗೆ ಯಾವ ಹಾರ್ಡ್ ಡಿಸ್ಕ್ ಇದೆ ಎಂಬುದು ತಾನಾಗಿ ಗೊತ್ತಾಗುವುದಿಲ್ಲ. ಎಷ್ಟು ಸಿಲಿಂಡರ್, ಎಷ್ಟು ಹೆಡ್, ಎಷ್ಟು ಸೆಕ್ಟರ್ ಎಂದು ಸೀಮಾಸ್ ಎಂಬ ಪುಟ್ಟ ಮೆಮೊರಿಯಲ್ಲಿ ಬರೆದಿಟ್ಟಿರಬೇಕು, ಆ ಬರಹವನ್ನು ಕಾಯುವುದು ಬ್ಯಾಟರಿ. ಬ್ಯಾಟರಿ ಸತ್ತರೆ ನೆನಪು ಹೋಯಿತು, 'ಸಿ ಡ್ರೈವ್ ಎರರ್' ಬಂತು. ಡಿಸ್ಕ್ ಪಾಪ ಆರಾಮಾಗಿ ಕೂತಿರಬಹುದು.

ಕ್ಯಾಬಿನೆಟ್ ಬಿಚ್ಚಿ ನೋಡಿ. ರೂಪಾಯಿ ನಾಣ್ಯದಂಥ ಸಿಆರ್2032 ಇದ್ದರೆ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಬದಲಿಸಿ. ಆದರೆ 486 ಬೋರ್ಡ್‌ಗಳಲ್ಲಿ ಜಾಸ್ತಿ ಇರುವುದು ನೀಲಿ ಕವರಿನ, ಬೆರಳಿನ ತುದಿಯಷ್ಟು ದಪ್ಪದ, ಬೋರ್ಡಿಗೇ ಬೆಸುಗೆ ಹಾಕಿದ 3.6 ವೋಲ್ಟ್ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ. ಅದರ ಸುತ್ತ ಹಸಿರು ಉಪ್ಪಿನಂಥದ್ದು ಕೂತಿದ್ದರೆ ಅದು ಸೋರಿದೆ ಎಂದರ್ಥ, ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಅದನ್ನು ಬಿಚ್ಚಿಸಿ, ಜಾಗವನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಬೆಸುಗೆ ಕೆಲಸ ರೂಢಿ ಇಲ್ಲದಿದ್ದರೆ ಟಿವಿ ರಿಪೇರಿ ಮಾಡುವ ಹಳೆ ಕೈ ಯಾರಾದರೂ ಇದ್ದರೆ ಅವರಿಂದ ಮಾಡಿಸಿ.

ಆಮೇಲೆ ಆನ್ ಮಾಡುವಾಗ ಡಿಲೀಟ್ ಕೀ ಒತ್ತಿ ಸೆಟಪ್‌ಗೆ ಹೋಗಿ. 'ಆಟೋ ಡಿಟೆಕ್ಟ್ ಹಾರ್ಡ್ ಡಿಸ್ಕ್' ಎಂಬ ಸಾಲು ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ಮೇಲಿನ ಸ್ಟಿಕ್ಕರ್‌ನಲ್ಲಿರುವ ಮೂರು ಅಂಕಿಗಳನ್ನು ಕೈಯಿಂದ ತುಂಬಬೇಕು. ಫ್ಲಾಪಿ ಎ ಗೆ 1.44 ಎಂದೇ ಇದೆಯಾ ಅಂತಲೂ ನೋಡಿ. ನಾರ್ಮಲ್, ಲಾರ್ಜ್, ಎಲ್‌ಬಿಎ ಎಂದು ಮೂರು ಮೋಡ್ ಕೇಳಿದರೆ ಎಚ್ಚರ. 528 ಎಂಬಿಗಿಂತ ಕಡಿಮೆಯ ಡಿಸ್ಕ್ ಆದರೆ ನಾರ್ಮಲ್ ಹಾಕಿ. ಮೊದಲು ಯಾವ ಮೋಡ್‌ನಲ್ಲಿ ಇತ್ತೋ ಅದೇ ಬೇಕು, ಬೇರೆ ಹಾಕಿದರೆ ಡೈರೆಕ್ಟರಿಯಲ್ಲಿ ಕಸಕಸ ಅಕ್ಷರ ಕಾಣುತ್ತವೆ. ಹಾಗೆ ಕಂಡರೆ ಗಾಬರಿಯಾಗಿ ಏನನ್ನೂ ರಿಪೇರಿ ಮಾಡಲು ಹೋಗಬೇಡಿ, ಆಫ್ ಮಾಡಿ ಮೋಡ್ ಬದಲಿಸಿ ಮತ್ತೆ ನೋಡಿ. ಡೇಟಾಕ್ಕೆ ಏನೂ ಆಗಿರುವುದಿಲ್ಲ, ನೀವು ಆ ಸ್ಥಿತಿಯಲ್ಲಿ ಅದರ ಮೇಲೆ ಬರೆಯುವವರೆಗೆ.

ಇಷ್ಟಕ್ಕೇ ನಿಮ್ಮ ಮಷೀನ್ ಮೊದಲಿನಂತೆ ಏಳಬಹುದು. ಆದರೂ ಫ್ಲಾಪಿ ಮಾಡಿ. ಇವತ್ತು ಬೇಕಾಗದಿದ್ದರೂ ನಾಳೆ ಬೇಕಾಗುತ್ತದೆ.

ಸುಲಭದ ದಾರಿ ಮೊದಲು. ಅಪ್ಪಾಜಿಯವರ ಕಪಾಟಿನಲ್ಲಿ ಡಾಸ್ 6.22 ರ ಮೂಲ ಫ್ಲಾಪಿ ಸೆಟ್ ಇದೆಯಾ ಹುಡುಕಿ, ಮೂರು ಫ್ಲಾಪಿ ಇರುತ್ತವೆ. ಮೊದಲನೆಯದು ತಾನೇ ಬೂಟ್ ಆಗುವ ಫ್ಲಾಪಿ. ಹಾಕಿದರೆ ಸೆಟಪ್ ಶುರುವಾಗುತ್ತದೆ, ಎಫ್3 ಎರಡು ಸಲ ಒತ್ತಿದರೆ ಹೊರಗೆ ಬಂದು ಎ ಪ್ರಾಂಪ್ಟ್ ಸಿಗುತ್ತದೆ. ಅಷ್ಟೇ, ಬೇರೇನೂ ಮಾಡಬೇಕಿಲ್ಲ.

ಅದು ಸಿಗದಿದ್ದರೆ, ಪರಿಚಯದ ಝೆರಾಕ್ಸ್ ಅಂಗಡಿಯಲ್ಲೋ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲೋ ವಿಂಡೋಸ್ 98 ಅಥವಾ ಎಕ್ಸ್‌ಪಿ ಇರುವ, ಫ್ಲಾಪಿ ಡ್ರೈವ್ ಇರುವ ಮಷೀನ್ ಕೇಳಿ ನೋಡಿ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆ ವಿಚಾರಿಸಿದರೂ ಆಗುತ್ತದೆ. ಎಕ್ಸ್‌ಪಿಯಲ್ಲಿ ಮೈ ಕಂಪ್ಯೂಟರ್ ತೆಗೆದು ಫ್ಲಾಪಿ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಅಲ್ಲಿ 'ಕ್ರಿಯೇಟ್ ಆ್ಯನ್ ಎಂಎಸ್-ಡಾಸ್ ಸ್ಟಾರ್ಟಪ್ ಡಿಸ್ಕ್' ಎಂಬುದಕ್ಕೆ ಟಿಕ್ ಹಾಕಿ. ಬೂಟ್ ಆಗುವ ಫ್ಲಾಪಿ ಸಿದ್ಧ. ಆದರೆ ಅದರಲ್ಲಿ ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್, ಸಿಸ್ಟಮ್ ಫೈಲ್ ಕೂರಿಸುವ ಸಿಸ್ ಯಾವುದೂ ಇರುವುದಿಲ್ಲ, ಬಾಗಿಲು ಮಾತ್ರ ತೆರೆಯುತ್ತದೆ. ವಿಂಡೋಸ್ 98 ಸಿಕ್ಕರೆ ಇನ್ನೂ ಒಳ್ಳೆಯದು. ಕಂಟ್ರೋಲ್ ಪ್ಯಾನೆಲ್‌ನ ಆ್ಯಡ್ ರಿಮೂವ್ ಪ್ರೋಗ್ರಾಮ್ಸ್‌ನಲ್ಲಿ ಸ್ಟಾರ್ಟಪ್ ಡಿಸ್ಕ್ ಎಂಬ ಟ್ಯಾಬ್ ಇದೆ, ಅದರಿಂದ ಮಾಡಿದ ಫ್ಲಾಪಿಯಲ್ಲಿ ಟೂಲ್‌ಗಳೂ ಬರುತ್ತವೆ, ಸಿಡಿ ಡ್ರೈವರ್ ಕೂಡ ಬರುತ್ತದೆ. ಟೂಲ್ ಏನೂ ಬೇಡ, ಜಾಗ ಜಾಸ್ತಿ ಬೇಕು ಎಂದರೆ ಅದೇ 98 ರ ಡಾಸ್ ಪ್ರಾಂಪ್ಟ್‌ನಲ್ಲಿ ಫಾರ್ಮ್ಯಾಟ್ ಎ: /ಎಸ್ ಎಂದು ಹೊಡೆಯಿರಿ. ಈ ಸ್ಲ್ಯಾಶ್ ಎಸ್ ಇದೆಯಲ್ಲ, ಅದೇ ಬೂಟ್ ಸೆಕ್ಟರನ್ನೂ ಆ ಸಿಸ್ಟಮ್ ಫೈಲ್‌ಗಳನ್ನೂ ಅವುಗಳ ಜಾಗದಲ್ಲೇ ಕೂರಿಸುವುದು. ಕ್ವಿಕ್ ಫಾರ್ಮ್ಯಾಟ್ ಮಾತ್ರ ಬೇಡ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಒಂದೊಂದು ಟ್ರ್ಯಾಕ್ ಪರೀಕ್ಷೆಯಾಗುತ್ತದೆ. ಒಂದೇ ಒಂದು ಬ್ಯಾಡ್ ಸೆಕ್ಟರ್ ತೋರಿಸಿದರೂ ಆ ಫ್ಲಾಪಿ ಬಿಟ್ಟುಬಿಡಿ.

ನಿಮ್ಮ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಆ ಟಿಕ್ ಸಿಗುವುದಿಲ್ಲ. ಅಲ್ಲಿ ಇಮೇಜ್ ದಾರಿ ಹಿಡಿಯಬೇಕು. ಫ್ರೀಡಾಸ್ ಎಂಬ ಉಚಿತ ಡಾಸ್ ಇದೆ, ಜಿಮ್ ಹಾಲ್ ಎಂಬವರು 1994 ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಹೊಸ ಆವೃತ್ತಿ ಬರುತ್ತಿದೆ. ಅವರ ಸೈಟ್‌ನಲ್ಲೇ ಫ್ಲಾಪಿ ಇಮೇಜ್ ಸಿಗುತ್ತದೆ. ಇಳಿಸಿಕೊಂಡ ಮೇಲೆ ಪ್ರಾಪರ್ಟೀಸ್ ತೆಗೆದು ಸೈಜ್ ನೋಡಿ. ಸರಿಯಾಗಿ 14,74,560 ಬೈಟ್ ಇರಬೇಕು, ಅಂದರೆ 2880 ಗುಣಿಸು 512. ಇಲ್ಲೇ ಬಹಳ ಜನ ಮತ್ತೆ ಅದೇ ತಪ್ಪು ಮಾಡುತ್ತಾರೆ. ಇಮೇಜ್ ಫೈಲನ್ನು ಎಳೆದು ಫ್ಲಾಪಿಗೆ ಹಾಕುತ್ತಾರೆ, 'ಜಾಗ ಸಾಲದು' ಎಂದು ಬರುತ್ತದೆ. ಬರಲೇಬೇಕು, ಯಾಕೆಂದರೆ ಫಾರ್ಮ್ಯಾಟ್ ಆದ ಫ್ಲಾಪಿಯಲ್ಲಿ ಫೈಲ್‌ಗಳಿಗೆ ಉಳಿಯುವುದು 14,57,664 ಬೈಟ್ ಮಾತ್ರ. ಇಮೇಜ್ ಎಂದರೆ ಫ್ಲಾಪಿಯ ಒಳಗಿನ ಫೈಲ್ ಅಲ್ಲ, ಇಡೀ ಫ್ಲಾಪಿಯೇ ಅದು. ವಿನ್‌ಇಮೇಜ್‌ನಂಥ ಪ್ರೋಗ್ರಾಮ್‌ನಲ್ಲಿ ಇಮೇಜ್ ತೆರೆದು, ಡಿಸ್ಕ್ ಮೆನುವಿನಿಂದ 'ರೈಟ್ ಡಿಸ್ಕ್' ಕೊಡಬೇಕು. ಲಿನಕ್ಸ್ ಬಳಸುವವರಿದ್ದರೆ ಇಮೇಜನ್ನು ನೇರ ಡಿಸ್ಕ್‌ಗೆ ಬರೆಯುವ ಡಿಡಿ ಕಮಾಂಡ್ ಸಾಕು. ಆದರೆ ಯುಎಸ್‌ಬಿ ಫ್ಲಾಪಿ ಡ್ರೈವ್ ಅಲ್ಲಿ ಪೆನ್ ಡ್ರೈವ್ ತರಹದ ಹೆಸರಿನಲ್ಲೇ ಕಾಣುತ್ತದೆ, ಮೊದಲು ಡ್ರೈವ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಹೊಡೆದು 1.4 ಎಂ ಎಂದು ತೋರಿಸುವ ಡ್ರೈವ್ ಯಾವುದು ಎಂದು ಎರಡು ಸಲ ನೋಡಿಕೊಂಡೇ ಎಂಟರ್ ಒತ್ತಿ. ತಪ್ಪು ಹೆಸರು ಕೊಟ್ಟರೆ ಲ್ಯಾಪ್‌ಟಾಪ್‌ನ ಡಿಸ್ಕೇ ಹಾಳಾಗುತ್ತದೆ. ಫ್ರೀಡಾಸ್ ಬೂಟ್ ಆದಾಗ ಇನ್‌ಸ್ಟಾಲ್ ಮಾಡಲೇ ಎಂದು ಕೇಳಿದರೆ ಬೇಡ ಎಂದು ಹೊರಗೆ ಬನ್ನಿ.

ನಿಮ್ಮ ಯುಎಸ್‌ಬಿ ಡ್ರೈವ್ 1.44 ಫ್ಲಾಪಿಗೆ ಸರಿ. ಮಷೀನ್‌ನಲ್ಲಿ ದೊಡ್ಡದು, ಐದೂಕಾಲು ಇಂಚಿನದು ಇದ್ದರೆ ಈ ದಾರಿ ನಡೆಯುವುದಿಲ್ಲ, ಅದಕ್ಕೆ ಅದೇ ಜಾತಿಯ ಡ್ರೈವ್ ಇರುವ ಮಷೀನೇ ಬೇಕು.

ಈಗ ಫ್ಲಾಪಿಯ ಮೈ ಬಗ್ಗೆ. ನಮ್ಮ ಕಡೆ ಇದನ್ನು ಯಾರೂ ನೋಡುವುದಿಲ್ಲ, ನಾನು ಮೊದಲು ನೋಡುವುದೇ ಇದನ್ನು. ಮೇಲಿನ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ, ಹಿಂದಿನ ಲೋಹದ ಬಿಲ್ಲೆಯನ್ನು ನಿಧಾನ ತಿರುಗಿಸುತ್ತಾ ಒಳಗಿನ ಕಂದು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕನ್ನಡಿಯಂತೆ ನುಣುಪಾಗಿ ಹೊಳೆಯಬೇಕು. ಬಿಳಿ ಚುಕ್ಕೆ ಕಂಡರೆ ಬೂಷ್ಟು, ವೃತ್ತಾಕಾರದ ಗೆರೆ ಕಂಡರೆ ಹೆಡ್ ಗೀಚಿದೆ. ಎರಡನ್ನೂ ಡ್ರೈವ್‌ಗೆ ಹಾಕಬೇಡಿ, ಆ ಬೂಷ್ಟು ಹೆಡ್‌ಗೆ ಅಂಟಿ ಮುಂದೆ ಹಾಕುವ ಒಳ್ಳೆ ಫ್ಲಾಪಿಯನ್ನೂ ಗೀಚುತ್ತದೆ. ಗಂಜ್‌ನ ಬೇಳೆ ಮಿಲ್‌ಗಳಿಂದ ನನ್ನ ಕೈಗೆ ಬಂದ ಡ್ರೈವ್‌ಗಳಲ್ಲಿ ತೊಗರಿ ಹೊಟ್ಟಿನ ಹಳದಿ ಪುಡಿ ಹೆಡ್ ಮೇಲೆ ಪದರವಾಗಿ ಕೂತಿರುತ್ತಿತ್ತು. ನಿಮ್ಮಲ್ಲಿ ಹತ್ತಿ ಎಳೆ ಸುತ್ತಿಕೊಂಡಿರುತ್ತದೆ, ಮೊದಲು ಅದನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡೂ ಹೆಡ್‌ಗಳನ್ನು ಮೆಲ್ಲಗೆ ಒರೆಸಿ. ಮೇಲಿನ ಹೆಡ್ ತೆಳು ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಅದನ್ನು ಎತ್ತಿ ಎಳೆಯಬೇಡಿ. ಒಮ್ಮೆ ಬಾಗಿದರೆ ಆ ಡ್ರೈವ್ ಹೋದಂತೆಯೇ.

ಇನ್ನೊಂದು ಅನುಭವದ ಮಾತು. ಲ್ಯಾಪ್‌ಟಾಪ್‌ನ ಯುಎಸ್‌ಬಿ ಡ್ರೈವ್‌ನಲ್ಲಿ ಚೆನ್ನಾಗಿ ಓದುವ ಫ್ಲಾಪಿ 486 ರಲ್ಲಿ 'ಡಿಸ್ಕ್ ಎರರ್' ಕೊಡಬಹುದು. ಹಳೆ ಡ್ರೈವ್‌ನ ಹೆಡ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ, ಅದು ತಾನು ಬರೆದದ್ದನ್ನು ಮಾತ್ರ ಓದುತ್ತದೆ. ಆಗ ಸುಮ್ನೆ ಫ್ಲಾಪಿ ಮೇಲೆ ಫ್ಲಾಪಿ ಬದಲಿಸುತ್ತಾ ಕೂರಬೇಡಿ. 486 ರ ಡ್ರೈವನ್ನೇ ಬಿಚ್ಚಿ ಆ ಎಕ್ಸ್‌ಪಿ ಮಷೀನಿಗೆ ಹಚ್ಚಿ, ಅದರಲ್ಲೇ ಫ್ಲಾಪಿ ಮಾಡಿ, ಮತ್ತೆ ತಂದು ಹಾಕಿ. ಮರಳಿ ಹಚ್ಚುವಾಗ ರಿಬ್ಬನ್ ಕೇಬಲ್‌ನ ತಿರುಚಿದ ಭಾಗದ ಆಚೆಯ ತುದಿ ಎ ಡ್ರೈವ್‌ಗೆ. ಆನ್ ಮಾಡಿದಾಗಿನಿಂದ ಡ್ರೈವ್‌ನ ದೀಪ ಆರದೆ ಉರಿಯುತ್ತಲೇ ಇದ್ದರೆ ಕೇಬಲ್ ಉಲ್ಟಾ ಹಚ್ಚಿದ್ದೀರಿ ಎಂದು ತಿಳಿಯಿರಿ, ಒಳಗಿನ ಫ್ಲಾಪಿ ಹಾಳಾಗುವ ಮೊದಲು ಆಫ್ ಮಾಡಿ.

ಫ್ಲಾಪಿ ಬೂಟ್ ಆಯಿತು, ಎ ಪ್ರಾಂಪ್ಟ್ ಮಿನುಗುತ್ತಿದೆ ಎಂದುಕೊಳ್ಳಿ. ಇಲ್ಲಿ ನಿಮ್ಮ ಕೈ ತಡೆಯಿರಿ. ಎಲ್ಲರೂ ಕೂಡಲೇ ಸಿಸ್ ಸಿ: ಹೊಡೆಯಿರಿ, ಹಾರ್ಡ್ ಡಿಸ್ಕ್‌ನ ಮೊದಲ ಸೆಕ್ಟರ್‌ನ ಬೂಟ್ ಕೋಡ್ ಹೊಸದಾಗಿ ಬರೆಯುವ ಎಫ್‌ಡಿಸ್ಕ್ /ಎಂಬಿಆರ್ ಹೊಡೆಯಿರಿ ಎನ್ನುತ್ತಾರೆ. ಹೊಡೆಯಬೇಡಿ. ಎಷ್ಟೋ ವರ್ಷದ ಹಿಂದೆ ಒಂದು ಅಡತ್ ಅಂಗಡಿಯ ಮಷೀನ್ ನನ್ನ ಮುಂದೆ ಬಂದಿತ್ತು. ಬೂಟ್ ಆಗುತ್ತಿರಲಿಲ್ಲ. ನಾನು ಫ್ಲಾಪಿ ಹಾಕಿ, ಏನನ್ನೂ ಕಾಪಿ ಮಾಡದೆ, ನೇರ ಎಫ್‌ಡಿಸ್ಕ್ /ಎಂಬಿಆರ್ ಹೊಡೆದೆ. ಸಿ ಡ್ರೈವೇ ಮಾಯ. ರೈತರ ಉದ್ರಿ ಲೆಕ್ಕ, ಎರಡು ಹಂಗಾಮಿನದು, ಎಲ್ಲ ಅದರಲ್ಲಿತ್ತು. ಮುನೀಮರು ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಆ ನಿಂತ ರೀತಿ ಇವತ್ತಿಗೂ ಕಣ್ಣ ಮುಂದಿದೆ. ಆಮೇಲೆ ಗೊತ್ತಾದದ್ದು, ಹಳೆ ಬಯೋಸ್ 528 ಎಂಬಿ ಮೇಲೆ ನೋಡುವುದಿಲ್ಲ ಎಂದು ಆ ದೊಡ್ಡ ಡಿಸ್ಕ್‌ಗೆ ಯಾರೋ ಆನ್‌ಟ್ರ್ಯಾಕ್‌ನ ಡಿಸ್ಕ್ ಮ್ಯಾನೇಜರ್ ಹಾಕಿದ್ದರು, ಅದು ಕೂರುವುದೇ ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ, ನಾನು ಅಳಿಸಿದ್ದೂ ಅದನ್ನೇ. ಮತ್ತೆ ಅದೇ ಪ್ರೋಗ್ರಾಮ್ ಹುಡುಕಿ ತಂದು ಕೂರಿಸಿ ಲೆಕ್ಕ ಮರಳಿ ಪಡೆಯಲು ನಾಲ್ಕು ದಿನ ಹಿಡಿಯಿತು. ಅವತ್ತಿನಿಂದ ಮೊದಲು ಕಾಪಿ, ಆಮೇಲೆ ರಿಪೇರಿ.

ನಿಮ್ಮ ಡಿಸ್ಕ್ 528 ಎಂಬಿಗಿಂತ ದೊಡ್ಡದಾಗಿದ್ದು, ಸೆಟಪ್‌ನಲ್ಲಿ ಎಲ್ಲ ಸರಿ ಇದ್ದೂ ಸಿ: ಹೊಡೆದರೆ 'ಇನ್‌ವ್ಯಾಲಿಡ್ ಡ್ರೈವ್' ಎಂದು ಬಂದರೆ ನಿಮ್ಮಲ್ಲೂ ಇಂಥದ್ದೇ ಇರಬಹುದು. ಆಗ ಫ್ಲಾಪಿ ತೆಗೆದು ಹಾರ್ಡ್ ಡಿಸ್ಕ್‌ನಿಂದ ಶುರು ಮಾಡಿ. ಡಿಸ್ಕ್ ಮ್ಯಾನೇಜರ್ ಇದ್ದರೆ ಫ್ಲಾಪಿಯಿಂದ ಬೂಟ್ ಮಾಡಲು ಸ್ಪೇಸ್ ಬಾರ್ ಒತ್ತಿ ಎಂಬ ಸಾಲು ಕ್ಷಣಕಾಲ ಬರುತ್ತದೆ. ಅಲ್ಲಿ ಒತ್ತಿ, ಅದು ಕೇಳಿದಾಗ ಫ್ಲಾಪಿ ಹಾಕಿ, ಆಗ ಸಿ ಕಾಣುತ್ತದೆ.

ಸಿ ಕಂಡ ಮೇಲೆ ಡಿಐಆರ್ ಹೊಡೆದು ತೂಕದ ಪ್ರೋಗ್ರಾಮ್‌ನ ಫೋಲ್ಡರ್ ಹುಡುಕಿ. ಆ ಕಾಲದ ಪ್ರೋಗ್ರಾಮ್‌ಗಳು ಬಹುತೇಕ ಫಾಕ್ಸ್‌ಪ್ರೊ ಅಥವಾ ಕ್ಲಿಪ್ಪರ್‌ನಲ್ಲಿ ಮಾಡಿದವು, ಲೆಕ್ಕ ಇರುವುದು ಡಿಬಿಎಫ್ ಎಂದು ಮುಗಿಯುವ ಫೈಲ್‌ಗಳಲ್ಲಿ. ಬೂಟ್ ಫ್ಲಾಪಿ ತೆಗೆದು ಖಾಲಿ ಫ್ಲಾಪಿ ಹಾಕಿ ಅವನ್ನು ಕಾಪಿ ಮಾಡಿ. ಡಿಬಿಎಫ್ ಫೈಲನ್ನು ಇವತ್ತಿನ ಲಿಬ್ರೆ ಆಫೀಸ್‌ನಲ್ಲೂ ತೆರೆಯಬಹುದು, ಕಾಪಿ ಸರಿಯಾಗಿದೆಯಾ ಎಂದು ಲ್ಯಾಪ್‌ಟಾಪ್‌ನಲ್ಲೇ ನೋಡಿಕೊಳ್ಳಿ. ಹನ್ನೆರಡು ವರ್ಷದ ತೂಕ ಅಂದರೆ ಒಂದೇ ಫೈಲ್ 1.44 ಎಂಬಿ ದಾಟಿರಬಹುದು, ಅದಕ್ಕೆ ಎಆರ್‌ಜೆ ಎಂಬ ಹಳೆ ಪ್ರೋಗ್ರಾಮ್ ಫೈಲನ್ನು ಒತ್ತಿ ಫ್ಲಾಪಿಗೆ ಹೊಂದುವ ತುಂಡು ಮಾಡಿಕೊಡುತ್ತದೆ. ನಡುವೆ 'ಕಮಾಂಡ್ ಡಾಟ್ ಕಾಮ್ ಇರುವ ಡಿಸ್ಕ್ ಹಾಕಿ' ಎಂದು ಕಾಟ ಕೊಟ್ಟರೆ ಹೆದರಬೇಡಿ, ಬೂಟ್ ಫ್ಲಾಪಿ ಒಮ್ಮೆ ಹಾಕಿ ಎಂಟರ್ ಒತ್ತಿದರೆ ಮುಂದುವರಿಯುತ್ತದೆ.

ಹಾರ್ಡ್ ಡಿಸ್ಕ್ ಬಿಚ್ಚಿ ಐಡಿಇ-ಯುಎಸ್‌ಬಿ ಕನೆಕ್ಟರ್‌ನಿಂದ ಲ್ಯಾಪ್‌ಟಾಪ್‌ಗೇ ಹಚ್ಚಬಾರದಾ ಅಂತ ಕೇಳಬಹುದು. ಹಚ್ಚಿ ನೋಡಬಹುದು, ಆದರೆ 90 ರ ದಶಕದ ಮೊದಲ ಭಾಗದ ಎಷ್ಟೋ ಡಿಸ್ಕ್‌ಗಳಿಗೆ ಎಲ್‌ಬಿಎ, ಅಂದರೆ ಸೆಕ್ಟರ್‌ಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಕ್ರಮ, ತಿಳಿಯದು, ಈಗಿನ ಕನೆಕ್ಟರ್ ಅವನ್ನು ಗುರುತಿಸುವುದೇ ಇಲ್ಲ. ಅಂಥಲ್ಲಿ ಫ್ಲಾಪಿಯೇ ಗತಿ.

ಲೆಕ್ಕ ಕೈಗೆ ಬಂದ ಮೇಲೆ ಬೇಕಾದರೆ ಸಿಸ್ ಸಿ: ಮಾಡಿ, ಅದೂ ಡಿಸ್ಕ್‌ನಲ್ಲಿರುವ ಡಾಸ್ ಆವೃತ್ತಿಯದೇ ಫ್ಲಾಪಿಯಿಂದ. ತೂಕದ ಪ್ರೋಗ್ರಾಮನ್ನು ಸ್ವಲ್ಪ ದಿನ ಫ್ಲಾಪಿಯಿಂದಲೇ ಬೂಟ್ ಮಾಡಿ ನಡೆಸುವುದಾದರೆ ಡಾಸ್ ಏಳುವಾಗ ಓದುವ ಕಾನ್ಫಿಗ್ ಡಾಟ್ ಸಿಸ್ ಎಂಬ ಫ್ಲಾಪಿಯ ಫೈಲ್‌ನಲ್ಲಿ ಫೈಲ್ಸ್=60 ಎಂಬ ಸಾಲು ಇರಲಿ. ಇಲ್ಲದಿದ್ದರೆ ಡಿಬಿಎಫ್‌ಗಳನ್ನು ತೆರೆಯುವಾಗ ಪ್ರೋಗ್ರಾಮ್ ಅರ್ಧಕ್ಕೆ ನಿಲ್ಲುತ್ತದೆ, ಲಾರಿ ಪ್ಲಾಟ್‌ಫಾರ್ಮ್ ಮೇಲೆ ನಿಂತಿರುವಾಗ ಅದು ಬೇಡ ಅಲ್ವಾ.

ಬೂಟ್ ಫ್ಲಾಪಿ ಎರಡು ಮಾಡಿ. ಮೂಲೆಯ ಪುಟ್ಟ ಕಿಟಕಿ ತೆರೆದಿಡಿ, ಆಗ ಅದರ ಮೇಲೆ ಯಾರೂ ಬರೆಯಲಾಗದು. ಸ್ಪೀಕರ್ ಪಕ್ಕ, ಬೈಕಿನ ಡಿಕ್ಕಿ ಎರಡೂ ಬೇಡ, ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಡಿಕ್ಕಿಯಲ್ಲಿಟ್ಟ ಫ್ಲಾಪಿ ಉಳಿಯುವುದಿಲ್ಲ. ಒಳ್ಳೆ ಫ್ಲಾಪಿ ಸಿಗುವುದು ದಿನದಿಂದ ದಿನಕ್ಕೆ ಕಷ್ಟ, ಸೋನಿ 2011 ರಲ್ಲೇ ಮಾರಾಟ ನಿಲ್ಲಿಸಿತು. ವೇ ಬ್ರಿಜ್ ಇನ್ನೂ ಕೆಲವು ವರ್ಷ ಇದೇ ಮಷೀನಿನಲ್ಲಿ ನಡೆಯಬೇಕೆಂದರೆ ಗೋಟೆಕ್ ಎಂಬ ಫ್ಲಾಪಿ ಎಮ್ಯುಲೇಟರ್ ಹಾಕಿಸಿ. ಫ್ಲಾಪಿ ಡ್ರೈವ್‌ನ ಜಾಗದಲ್ಲೇ, ಅದೇ 34 ಪಿನ್ ಕೇಬಲ್‌ಗೆ ಕೂರುತ್ತದೆ, ಮುಂದೆ ಪೆನ್ ಡ್ರೈವ್ ಚುಚ್ಚಬಹುದು, ಇಮೇಜ್ ಫೈಲ್‌ಗಳೇ ಫ್ಲಾಪಿಗಳಾಗುತ್ತವೆ.

ಮತ್ತೆ ಬ್ಯಾಟರಿ ಹಾಕಿ ಸೆಟಪ್ ಸರಿಯಾದ ದಿನ, ಪರದೆ ಮೇಲಿನ ಸಿಲಿಂಡರ್, ಹೆಡ್, ಸೆಕ್ಟರ್, ಮೋಡ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಮೈಗೆ ಅಂಟಿಸಿ. ಒಂದು ಬೂಟ್ ಫ್ಲಾಪಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಷೀನ್ ಹತ್ತಿರವೇ ಡ್ರಾಯರ್‌ನಲ್ಲಿಡಿ. ಬ್ಯಾಟರಿ ತೆಗೆದಾಗ ಹಸಿರು ಕಟ್ಟಿದ್ದು ಕಂಡರೆ ಬೋರ್ಡಿನ ಫೋಟೋ ಕಳಿಸಿ, ಯಾವ ಗೆರೆ ತಿಂದಿದೆ ಎಂದು ನೋಡಿ ಹೇಳುತ್ತೇನೆ.